ದೊರೆಗಳ ಕಾಲದ ಕಳೆಪಟ್ಟಿ

ಸೊಸೆಗೆ ಏಳು ತಿಂಗಳು. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಕಣ್ಣ ರೆಪ್ಪೆಯೊಳಗೆ ಸುಣ್ಣದ ಬಿಳುಪು. ಹೋದ ವರ್ಷ ಅವಳು ಹೆತ್ತ ಮಗು ಮೂರು ದಿನವಷ್ಟೇ ಬದುಕಿತ್ತು. ಈ ಸಲವೂ ಹಾಗೇ ಆದರೇನು ಗತಿ ಎಂದು ಅತ್ತೆಗೆ ಊಟ ಸೇರುತ್ತಿರಲಿಲ್ಲ.

ಅತ್ತೆ ಸಾಮಾನ್ಯದವಳಲ್ಲ. ಟೀ ತೋಟದಲ್ಲಿ ಮೂವತ್ತು ವರ್ಷ ಕಳೆ ಕಿತ್ತ ಕೈ ಅವಳದು. ಅವಳು ಹಾದುಹೋದ ಸಾಲಿನಲ್ಲಿ ಒಂದು ಹುಲ್ಲುಕಡ್ಡಿ ಉಳಿದಿದ್ದರೂ ಮೀಸೆ ಬೋಳಿಸಿಕೊಳ್ಳುತ್ತೇನೆ ಎನ್ನುತ್ತಿದ್ದ ಮೇಸ್ತ್ರಿ.

ನರ್ಸಮ್ಮ ಮನೆಗೆ ಬಂದು ರಕ್ತ ಪರೀಕ್ಷೆಯ ಚೀಟಿ ನೋಡಿದಳು.

“ರಕ್ತ ಕಮ್ಮಿ ಇದೆಯಮ್ಮ. ಕಬ್ಬಿಣದ ಮಾತ್ರೆ ಒಂದು ದಿನಾನೂ ತಪ್ಪಿಸಬೇಡಿ. ಜೊತೆಗೆ ಸೊಪ್ಪು, ಕಾಳು ತಿನ್ನಿಸಿ.”

“ಸೊಪ್ಪು ಎಲ್ಲಿಂದ ತರ್ಲಿ ತಾಯಿ? ಕಂಪನಿ ಅಂಗಡೀಲಿ ಇರೋದು ಬಿಳಿ ಅಕ್ಕಿ, ಬಿಸ್ಕತ್ತು, ಈ ಹಾಲುಪುಡಿ ಡಬ್ಬ. ಡಬ್ಬದ ಮೇಲೆ ಮಗು ಎಷ್ಟು ದುಂಡಗಿದೆ ನೋಡು!”

“ಚಿತ್ರ ನೋಡಿದ್ರೆ ರಕ್ತ ಬರುತ್ತಾ?” ನರ್ಸಮ್ಮ ಹಿತ್ತಲಿಗೆ ನಡೆದು, ನಲ್ಲಿಯ ಪಕ್ಕ ಬೆಳೆದಿದ್ದ ಗಿಡಗಳನ್ನು ತೋರಿಸಿದಳು. “ಇದೇನು?”

“ಕಳೆ. ದಿನಾ ಗೋಣಿಗಟ್ಟಲೆ ಕಿತ್ತು ಎಸೀತೀನಿ.”

“ಹರಿವೆ ಸೊಪ್ಪಮ್ಮ ಇದು!”

ಅತ್ತೆ ನಕ್ಕಳು. “ನಂಗೇ ಪಾಠ ಹೇಳ್ತೀಯಾ? ಆಫೀಸಿನ ಗೋಡೆ ಮೇಲೆ ದೊರೆಗಳ ಕಾಲದ ಕಳೆಪಟ್ಟಿ ಇದೆ. ಇದೇ ಮೊದಲ್ನೇದು.”

“ಬರೆದೋರು ದೊರೆಗಳೇ ತಾನೆ? ಈ ಗುಡ್ಡದಲ್ಲಿ ನಿಮ್ಮ ಹಿರಿಯರು ಜೋಳ, ಕಾಳು, ಸೊಪ್ಪು ಬೆಳೀತಿದ್ರು. ಬಂದೂಕು ತೋರಿಸಿ ಅದನ್ನ ಕೀಳಿಸಿ ಟೀ ನೆಡಿಸಿದ್ರು. ಸ್ವಂತ ಊಟ ಬೆಳ್ಕೊಳ್ಳೋರು ಕೂಲಿಗೆ ಬರ್ತಾರಾ? ಅದಕ್ಕೇ ತಿನ್ನೋದೆಲ್ಲ ಕಳೆ ಆಯ್ತು. ದೊರೆ ಹೋದ, ಕಂಪನಿ ಬಂತು, ಪಟ್ಟಿ ಹಾಗೇ ಇದೆ. ನಮ್ಮ ಟೀ ಎಲೆ ಹಡಗು ಹತ್ತುತ್ತೆ. ಲಾರೀಲಿ ಬಂದ ಅಕ್ಕೀನ ಅದೇ ಕಂಪನಿ ನಮಗೆ ಮಾರುತ್ತೆ.”

ಅತ್ತೆಯ ನಗು ಉಡುಗಿತು. ಎಲೆಯೊಂದನ್ನು ಹೊಸಕಿ ಮೂಸಿದಳು. ಅಜ್ಜಿ ಮಡಿಲಲ್ಲಿ ಏನನ್ನೋ ಬಚ್ಚಿಟ್ಟು ತಂದು, ಕದ ಹಾಕಿ ಬೇಯಿಸುತ್ತಿದ್ದದ್ದು ನೆನಪಾಯಿತು. ಇದೇ ವಾಸನೆ. ಇಷ್ಟು ವರ್ಷ ತನ್ನ ಕೈಯಾರೆ ಕಿತ್ತು ಕೊಳೆಹಾಕಿದ್ದು ಮನೆಯವರ ಊಟವನ್ನೇ.

“ನಾಳೆ ತೋಟದಿಂದ ಮಡಿಲು ತುಂಬ ತರ್ತೀನಿ.”

“ಬೇಡಮ್ಮ! ಅಲ್ಲೆಲ್ಲ ಕಳೆಮದ್ದು ಹೊಡೆದಿದ್ದಾರೆ, ವಿಷ ಅದು. ಉಳಿದಿರೋದು ಈ ಹಿತ್ತಲಷ್ಟೇ.”

ಅಷ್ಟರಲ್ಲಿ ಮಗ ಬಂದ. ಬೆನ್ನ ಮೇಲೆ ಮದ್ದಿನ ಕ್ಯಾನು. “ಅಮ್ಮ, ಆಚೆ ಸರಿ. ಕಂಪನಿ ಮನೆಗಳ ಹಿತ್ತಲಿಗೂ ಹೊಡೀಬೇಕಂತೆ.”

ಅತ್ತೆ ಗಿಡಗಳ ಮುಂದೆ ನಿಂತಳು. “ಮೊದಲು ನನ್ನ ಮೇಲೆ ಹೊಡಿ.”

“ಕೆಲಸ ಹೋಗುತ್ತಮ್ಮಾ!”

“ಈ ಮಗೂನೂ ಹೋಗ್ಬೇಕಾ?”

ಬಾಗಿಲಲ್ಲಿ ಸೊಸೆ ಗೋಡೆ ಹಿಡಿದು ನಿಂತಿದ್ದಳು. ಮಗ ಅವಳ ಮುಖ ನೋಡಿದ. ಕ್ಯಾನು ಇಳಿಸಿದ.

ಮರುದಿನ ಅವನನ್ನು ಕೆಲಸಕ್ಕೆ ಸೇರಿಸಲಿಲ್ಲ. ಆದರೆ ಸೊಸೆಗೆ ಹಿತ್ತಲ ಸೊಪ್ಪು, ಮಾತ್ರೆ ಒಂದು ದಿನವೂ ತಪ್ಪಲಿಲ್ಲ. ಎರಡು ತಿಂಗಳಿಗೆ ಮಗು ಹುಟ್ಟಿತು, ತೀರ ಸಣ್ಣಗೆ. ಮೂರು ದಿನ ದಾಟಿ ನಾಲ್ಕನೆಯ ದಿನವೂ ಅದು ಹಾಲಿಗಾಗಿ ಅತ್ತಾಗ ಅತ್ತೆ ಮುಖ ಮುಚ್ಚಿಕೊಂಡು ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ಮನೆಯ ಬಸುರಿಯ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ತಪ್ಪಿಸಬೇಡಿ. ಮದ್ದು ಹೊಡೆದ ಸೊಪ್ಪು ಮುಟ್ಟಬೇಡಿ. ಯಾವ ಗಿಡ ತಿನ್ನುವಂಥದ್ದು ಎಂದು ಬಲ್ಲ ಹಿರಿಯರನ್ನು ಇವತ್ತೇ ಕೇಳಿ ತಿಳಿಯಿರಿ, ಅಂಥವರು ಹೆಚ್ಚು ಜನ ಉಳಿದಿಲ್ಲ. ನಿಮ್ಮ ಹಿತ್ತಲಿಗೆ ಮದ್ದು ಬಂದರೆ ಒಬ್ಬರೇ ಅಡ್ಡ ನಿಲ್ಲಬೇಡಿ, ಇಡೀ ಸಾಲುಮನೆಯವರು ನಿಲ್ಲಿ. ಒಬ್ಬನನ್ನು ಕೆಲಸದಿಂದ ತೆಗೆಯುವುದು ಅವರಿಗೆ ಬಹಳ ಸುಲಭ.