ಕಡಲಿ ಹುಳಿ ಕುಡಿದ ಮಷಿನ್ನು

ಸೋಮವಾರ ಮುಂಜಾನೆ ಹತ್ತಕ್ಕೆ ಭಂಗಾರದವನು ಕೈಗಾಡಿ ತರುತ್ತಾನೆಂದು ದುರ್ಗಪ್ಪನಿಗೆ ತಿಳಿದದ್ದು ಬುಧವಾರ ಸಂಜೆ. ಅಂದಿನಿಂದ ಅವನು ಕೂತಲ್ಲಿ ಕೂಡಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಸೋಲಾಪುರದ ಮರಾಠಿಯಲ್ಲಿ ಭಂಗಾರ ಅಂದರೆ ಹಳೆಯ ತಗಡು, ಮುರುಕು ಕಬ್ಬಿಣ. ಅದೇ ಮಾತನ್ನು ಕನ್ನಡದವರು ಒಂದಿಷ್ಟು ಉಸಿರು ತಗ್ಗಿಸಿ ಕೊರಳಿಗೆ ಹಾಕಿಕೊಳ್ಳುತ್ತಾರೆ. ಅವನ ಅಕ್ಕ ಹಿರಾಬಾಯಿಗೆ ಮಾತ್ರ ಆ ಗಾಡಿ ಹತ್ತಬೇಕಿದ್ದ ಮಷಿನ್ನು ಈ ಎರಡನೆಯ ನಮೂನೆಯದೇ ಆಗಿತ್ತು.

ಹಿರಾಬಾಯಿ ಊರಿನ ಒಂದು ಬಾಣಂತಿ ದವಾಖಾನೆಯಲ್ಲಿ ಅರಿಬಿ ಒಗೆಯುವವಳು. ಹನ್ನೊಂದು ವರ್ಷ ಸೋಡಾದ ನೀರಿನಲ್ಲಿ ಅದ್ದಿ ಅದ್ದಿ ಅವಳ ಕೈಯ ಬೆರಳ ಸಂದಿಯೆಲ್ಲ ಬಿರಿದಿತ್ತು. ಮುಷ್ಟಿ ಕಟ್ಟಿದರೆ ರಕ್ತ ಜಿನುಗುತ್ತಿತ್ತು. ಎರಡು ವರ್ಷದ ಹಿಂದೆ, ದೇಶ ಬಿಟ್ಟು ಹೊರಟ ಸಾಹೇಬನೊಬ್ಬನ ಬಂಗಲೆಯ ಲಿಲಾವಿನ ಕೂಗಿನಲ್ಲಿ ದವಾಖಾನೆಯ ಡಾಕ್ಟರ್‌ಬಾಯಿ ಒಂದು ಅರಿಬಿ ಒಗೆಯುವ ಮಷಿನ್ನು ಹಿಡಿದರು. ಬಿಳಿ ಬಣ್ಣದ ದುಂಡು ಹರವಿ, ನಡುವೆ ಕಡಗೋಲಿನಂಥ ರೆಕ್ಕೆ, ತಳದಲ್ಲಿ ನೀರು ಕಾಯಿಸುವ ಕರೆಂಟಿನ ಸಳಿ. ಅದು ಬಂದ ಮೇಲೆ ಹಿರಾಬಾಯಿಯ ಕೈ ಮಾದವು. ರೊಟ್ಟಿ ಬಡಿಯುವಾಗ ಹಿಟ್ಟಿನ ಉಪ್ಪು ಚುರ್ ಅನ್ನುವುದು ನಿಂತಿತು.

ಆದರೆ ದವಾಖಾನೆಯ ಬಾವಿಯ ನೀರು ಸವುಳು. ಕುದಿದಷ್ಟೂ ಸುಣ್ಣ ಬಿಡುವಂಥದ್ದು. ಎರಡು ವರ್ಷದಲ್ಲಿ ಸಳಿಯ ಮೇಲೆ ಹಕ್ಕಳಿಗಟ್ಟಿ, ಹೆಬ್ಬೆರಳು ಗಾತ್ರದ್ದು ಮುಂಗೈ ಗಾತ್ರದ್ದಾಯಿತು. ಈಗ ಎರಡು ತಾಸು ಕರೆಂಟು ಉರಿದರೂ ನೀರು ಉಗುರುಬೆಚ್ಚಗೂ ಆಗುತ್ತಿರಲಿಲ್ಲ. ಚಾದರಿನ ಕಲೆ ಹೋಗುತ್ತಿರಲಿಲ್ಲ. ಬುಧವಾರ ಡಾಕ್ಟರ್‌ಬಾಯಿ ಹೇಳಿಬಿಟ್ಟರು: ಮಷಿನ್ನು ಭಂಗಾರಕ್ಕೆ, ಚಾದರು ಪೇಟೆಯ ಲಾಂಡ್ರಿಗೆ. ಹಿರಾಬಾಯಿ ಎಲ್ಲಿಗೆ ಅಂತ ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ.

"ನಾ ಅದೀನ್ರಿ ಬಾಯಿಸಾಹೇಬ್ರ!" ಅಂದವನು ದುರ್ಗಪ್ಪ. ಅವತ್ತು ಅಕ್ಕನನ್ನು ನೋಡಲು ಬಂದವನು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. "ನಾ ಮಿಲ್ಲಿನ ಬಾಯ್ಲರ್ ಕೆತ್ತಾಂವ. ಈ ಮಷಿನ್ ಏನ್ ದೊಡ್ಡ ಮಾತ್ರಿ? ಬಾಯ್ಲರಿನ ಮೊಮ್ಮಗಾ ಇದು."

"ಸೋಮವಾರ ಪರ್ಯಂತ," ಅಂದರು ಡಾಕ್ಟರ್‌ಬಾಯಿ. ಮರಾಠಿ ಮಾತೃಭಾಷೆ, ಕನ್ನಡ ರೋಗಿಗಳಿಂದ ಕಲಿತದ್ದು. ಹೀಗಾಗಿ ಅವರ ಕನ್ನಡಕ್ಕೆ ಯಾವಾಗಲೂ ಎಲ್ಲೋ ನೋಯುತ್ತಿತ್ತು. "ಸೋಮವಾರ ದಹಾ ವಾಜತಾ, ಹತ್ತಕ್ಕ, ನಾ ನೋಡತೆ. ನೀರ ಗರಂ ಆಗಲಿಲ್ಲ, ಮಷಿನ್ ಗಾಡೀ ಮೇಲೆ."

ಬಾಯ್ಲರ್ ಕೆತ್ತುವುದು ದುರ್ಗಪ್ಪನಿಗೆ ನಿಜವಾಗಿಯೂ ಗೊತ್ತಿತ್ತು. ವರ್ಷಕ್ಕೊಮ್ಮೆ ಬಾಯ್ಲರ್ ಆರಿದಾಗ ಅವನಂಥ ಸಣಕಲರನ್ನು ಒಳಗೆ ಬಿಡುತ್ತಿದ್ದರು. ಸುತ್ತಿಗೆ, ಚಾಣ ಹಿಡಿದು ಒಳಗಿನ ಸುಣ್ಣದ ಹಕ್ಕಳಿಯನ್ನು ಟಕಟಕ ಹಾರಿಸಬೇಕು. ಗುರುವಾರ ಅದೇ ಸುತ್ತಿಗೆ, ಅದೇ ಚಾಣ ತಂದ. ಹರವಿಯೊಳಗೆ ತಲೆ ಹಾಕಿ ಒಂದೇ ಒಂದು ಪೆಟ್ಟು ಕೊಟ್ಟ. ಸುಣ್ಣ ಹಾರಲಿಲ್ಲ; ಬಿಳಿ ಬಣ್ಣ ನಾಲ್ಕಾಣೆಯಷ್ಟು ಅಗಲ ಹಾರಿ, ಒಳಗಿನ ಕಪ್ಪು ತಗಡು ಕಣ್ಣು ಬಿಟ್ಟಿತು.

ಬಾಗಿಲಲ್ಲಿ ಕಂಪೌಂಡರ್ ರಾಚಪ್ಪ ನಿಂತಿದ್ದ. ಬಾಟಲಿಯ ಮದ್ದು ಅಲ್ಲಾಡಿಸಿದ ಹಾಗೆ ಮಾತನ್ನೂ ಅಲ್ಲಾಡಿಸಿಯೇ ಕೊಡುವ ಮನುಷ್ಯ.

"ಏನಪಾ ದುರ್ಗಪ್ಪ, ಬೀಸೂಕಲ್ಲಿಗೆ ಟಾಕಿ ಹೊಡಿಯಾಕ ಬಂದೀ ಏನ್?"

"ಕೈ ಜಾರ್‍ತ್ರಿ."

"ಕೈ ಜಾರಿದ್ದ ನೋಡೀನಿ. ಮುಂದ ನೌಕರಿ ಜಾರೂದ್ ನೋಡಬೇಕು. ನಿಂದಲ್ಲ, ನಿಮ್ಮಕ್ಕಂದು."

"ನಿಮ್ಮ ಕಪಾಟದಾಗ ಆಸಿಡ್ ಇರ್‍ತೈತಲ್ರಿ, ಒಂದೀಟ..."

"ಅದನ್ನ ಹಾಕಿದ್ರ ಸುಣ್ಣಾನೂ ಹೋಗ್ತೈತಿ, ತಗಡೂ ಹೋಗ್ತೈತಿ, ಉಳಿದದ್ದನ್ನ ನೀ ಕಿಸೇದಾಗ ಹಾಕ್ಕೊಂಡ್ ಹೋಗ್ಬಹುದು."

ಹಿರಾಬಾಯಿ ತಮ್ಮನ ಕೈಯಿಂದ ಸುತ್ತಿಗೆ ಕಸಿದುಕೊಂಡಳು. "ತಾಂಬ್ರದ ಕೊಡಾ ಹೆಂಗ್ ತಿಕ್ತೀವೊ? ಹುಣಸಿಹಣ್ಣು, ಬೂದಿ. ಹಂಗ ಮಾಡೂಣು. ಬೂದಿ ಹಾಕಿದ್ರ ಚಾದರಿಗೆ ಹತ್ತತೈತಿ. ಬೂದಿ ಬದ್ಲಿ ಸೋಡಾ ಹಾಕೂಣು."

ಅಕ್ಕತಮ್ಮಂದಿರಿಬ್ಬರಿಗೂ ಅದು ಒಪ್ಪಿತ. ಕೊಡ ಬೆಳಗುವ ಯಾವ ಮನೆಯಲ್ಲೂ ಹುಣಸೆ ಒಂದೇ ಬರುವುದಿಲ್ಲ, ಜತೆಗೆ ಬೂದಿ ಇರಲೇಬೇಕು. ಮಧ್ಯಾಹ್ನ ಎರಡು ಸೇರು ಹುಣಸೆ ಕಿವುಚಿ ಹರವಿಗೆ ಸುರಿದರು, ಮೇಲೆ ಒಂದು ಸೇರು ಸೋಡಾ ಚೆಲ್ಲಿದರು.

ಬುಸ್!

ನೊರೆ ಎದ್ದಿತು. ಹರವಿ ತುಂಬಿತು, ಅಂಚು ದಾಟಿತು, ಪಡಸಾಲಿಗೆ ಇಳಿಯಿತು. ಬಾಣಂತಿಯರು ಕೂಸು ಎತ್ತಿಕೊಂಡು ನೋಡಲು ಬಂದರು. "ನೋಡವಾ, ಹೆಂಗ್ ಕೆಲಸಾ ಮಾಡಾಕತ್ತೈತಿ!" ಅಂದಳೊಬ್ಬಳು. ದುರ್ಗಪ್ಪ ನಡುವಿಗೆ ಕೈ ಕೊಟ್ಟು, ಮಿಲ್ಲಿನ ಎಂಜಿನಿಯರ್ ಸಾಹೇಬರ ಗತ್ತಿನಲ್ಲಿ, "ಸ್ಟ್ಯಾಂಡ್ ಬ್ಯಾಕ್, ಸ್ಟ್ಯಾಂಡ್ ಬ್ಯಾಕ್" ಅಂತ ಎಲ್ಲರನ್ನೂ ಹಿಂದೆ ಸರಿಸಿದ. ನೊರೆ ಇಳಿದಾಗ ಎಲ್ಲರೂ ಬಗ್ಗಿ ನೋಡಿದರು. ಸುಣ್ಣ ಹೇಗಿತ್ತೋ ಹಾಗೇ ಇತ್ತು. ಹೊಸದಾಗಿ ಆದದ್ದೆಂದರೆ, ಹುಣಸೆ ನಾರು ಹೋಗಿ ನೀರು ಬಿಡುವ ಕೊಳವೆ ಕಟ್ಟಿತ್ತು.

ಅದೇ ಹೊತ್ತಿಗೆ ಡಾಕ್ಟರ್‌ಬಾಯಿ ಬಂದರು. ಮೂಸಿ ನೋಡಿದರು.

"ಕಾಯ್ ರೇ ಹೇ? ಆಮಟೀ? ನಾ ಮಷಿನ್ ಕೊಟ್ಟೀನಿ, ನೀ ಸಾರು ಮಾಡ್ತಿ? ಚಿಂಚ, ಹುಣಸಿ, ಮತ್ತ ಈ ಖೋಲಿದೊಳಗ ಬರಾಕೂಡದು!"

ಕಡ್ಡಿಯಿಂದ ನಾರು ಕೀಳುವುದರಲ್ಲೇ ಸಂಜೆಯಾಯಿತು. ಹಿರಾಬಾಯಿ ಅಂದಿನ ಚಾದರುಗಳನ್ನು ಕಲ್ಲಿನ ಮೇಲೆ ಹಾಕಿ ಕೈಯಿಂದಲೇ ಒಗೆದಳು. ಮುಗಿಸಿ ಎದ್ದಾಗ ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡದ್ದನ್ನು ದುರ್ಗಪ್ಪ ನೋಡಿದ. ನೋಡಿ ಎದ್ದು ಹೊರಗೆ ಹೋದ, ಮತ್ತೆ ಒಳಗೆ ಬಂದ, ಮತ್ತೆ ಹೊರಗೆ ಹೋದ.

ಮರುದಿನ ಮಿಲ್ಲಿಗೆ ಹೋಗಲೇ ಇಲ್ಲ. ಅವನದು ಬದಲಿ ಕೆಲಸ. ಗೇಟಿನಲ್ಲಿ ನಿಂತು ಹೆಸರು ಕರೆದ ದಿನ ಕೂಲಿ, ಕರೆಯದ ದಿನ ಗಾಳಿ. ಶುಕ್ರವಾರ ಗೇಟಿಗೆ ಬೆನ್ನು ಮಾಡಿ ಅಕ್ಕಲಕೋಟೆಯ ಮೋಟಾರು ಹತ್ತಿದ. ಅವ್ವ ಜನಾಬಾಯಿ ಇರುವುದು ಆ ತಾಲೂಕಿನ ಹನ್ನೂರಿನಲ್ಲಿ. ಯಾಕೆ ಹೊರಟೆನೆಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ತಲೆ ಕೆಟ್ಟಾಗ ಅವ್ವನ ಕಡೆ ಬೈಸಿಕೊಂಡರೆ ತುಸು ತಂಪಾಗುತ್ತಿತ್ತು. ದಾರಿಯುದ್ದಕ್ಕೂ ತುಟಿಯೊಳಗೆ "ಆಮಟೀ? ಹೇ ಆಮಟೀ?" ಅಂತ ಡಾಕ್ಟರ್‌ಬಾಯಿಯ ಮೂಗು, ಹುಬ್ಬು, ಕೊರಳು ಸಮೇತ ಅಂದುಕೊಳ್ಳುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಮುದುಕಿ ಗಂಟು ಎತ್ತಿಕೊಂಡು ಮುಂದಿನ ಸೀಟಿಗೆ ಹೋದಳು.

ಅಕ್ಕಲಕೋಟೆಯ ಸ್ಟ್ಯಾಂಡಿನಲ್ಲಿ ಇಳಿದು, ಸಿಕ್ಕ ಎತ್ತಿನ ಗಾಡಿ ಹತ್ತಿ, ಅದು ನಿಧಾನ ಅನಿಸಿ ಜಿಗಿದು, ಗಾಡಿಗಿಂತ ಮುಂದೆ ನಡೆದ. ಹನ್ನೂರು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು.

ಜನಾಬಾಯಿ ಎಲ್ಲ ಕೇಳಿದಳು. ನೊರೆಯ ಮಾತು ಬಂದಾಗ ಹಣೆ ಬಡಿದುಕೊಂಡಳು.

"ಹುಳಿಗಿ ಸೋಡಾ ಹಾಕಿದ್ರೇನ್ಲೇ?"

"ಕೊಡಾ ತಿಕ್ಕೂವಾಗ ಬೂದಿ ಹಾಕಂಗಿಲ್ಲೇನ್ ಬೇ?"

"ಕೊಡಕ್ಕ ಬೂದಿ ತಿಕ್ಕಾಕ ಹಾಕ್ತಾರ, ಕರಗ್ಸಾಕಲ್ಲ. ಅಲ್ಲಿ ಕೈ ತಿಕ್ಕತೈತಿ. ನಿನ್ನ ಮಷಿನ್ದಾಗ ಯಾರ್ ತಿಕ್ಕ್ಯಾರು? ಹೊಟ್ಟ್ಯಾಗ ಹುಳಿ ಎದ್ರ ಸೋಡಾ ಯಾಕ ಕುಡೀತಾರ, ಹೇಳು."

"ಹುಳಿ ಸಾಯ್ಲಿ ಅಂತ."

"ಮತ್ತ! ಹುಳಿ ಸೋಡಾ ಒಂದಕ್ಕೊಂದು ಬಡದಾಡಿ ಸತ್ತು. ನೊರಿ ನೋಡಿ ನೀವು ಚಪ್ಪಾಳಿ ಹೊಡದ್ರಿ. ಸುಣ್ಣ ತನ್ನ ಪಾಡಿಗಿ ತಾನು ಕೂತಿತ್ತು."

ಜನಾಬಾಯಿ ಮೂಲೆಯಿಂದ ಒಂದು ಶೀಸೆ ತಂದಳು. ಅದರೊಳಗಿದ್ದದ್ದು ಕಡಲಿ ಹುಳಿ. ಆ ಕಡೆಯವರಿಗೆಲ್ಲ ಗೊತ್ತಿದ್ದ ಜಿನ್ನಸು: ಚಳಿಗಾಲದಲ್ಲಿ ಕಡಲೆ ಗಿಡದ ಎಲೆ ಬೆವರಿದ ಹಾಗೆ ಹುಳಿ ಬಿಡುತ್ತದೆ. ಇಬ್ಬನಿ ಬಿದ್ದಾಗ ಬಿಳಿ ಅರಿಬಿ ಹಾಸಿ, ಹಿಂಡಿ, ಹೊಟ್ಟೆನೋವಿಗೆಂದು ಇಡುತ್ತಾರೆ. ಅವಳು ನಾಲ್ಕು ಹನಿ ಸುಣ್ಣದ ಗೋಡೆಯ ಮೇಲೆ ಚಿಮುಕಿಸಿದಳು. ಹನಿ ಬಿದ್ದಲ್ಲಿ ಸಣ್ಣಗೆ ಸರ್‍ರ್ ಅಂದಿತು, ಸುಣ್ಣ ಕರಗಿ ಮಣ್ಣು ಕಂಡಿತು.

"ಅವ್ವಾ! ಎಷ್ಟೈತಿ ಇದು?"

"ಈ ಶೀಸೆ ಅಷ್ಟ."

"ನನಗ ಒಂದ್ ಘಾಸ್‌ಲೇಟ ಎಣ್ಣಿ ಡಬ್ಬಿ ತುಂಬ ಬೇಕು!"

"ಹಂಗಾರ ಹೊತ್ತು ಹುಟ್ಟೂ ಮುಂಚೆ ಏಳು. ಈ ಹುಳಿಗಿ ಬಿಸಲ ಅಂದ್ರ ಆಗಂಗಿಲ್ಲ."

ಹೊಲ ಶಂಕರೆಪ್ಪನದು. ಅವನ ಹೊಲದಲ್ಲಿ ಹುಳಿ ಹಿಡಿಯುವ ಕೆಲಸ ಜನಾಬಾಯಿಯದೇ. ಹಿಂಡಿದ್ದರಲ್ಲಿ ಅರ್ಧ ಅವನಿಗೆ, ಅರ್ಧ ಅವಳಿಗೆ. ಈ ಸಲ ಪೂರಾ ಬೇಕೆಂದಾಗ ಶಂಕರೆಪ್ಪ ಕಂಬಳಿಯೊಳಗಿಂದಲೇ ಕೇಳಿದ, "ಯಾರಿಗಿ ಹೊಟ್ಟಿ ನೂಸಾಕತ್ತೈತಿ?"

"ಮಷಿನ್ನಿಗ್ರಿ," ಅಂದ ದುರ್ಗಪ್ಪ.

"ಒಯ್ಯಪಾ. ಹಡಿಯೂ ದವಾಖಾನಿ ಅಂತಿ, ಅದೂ ಒಂದ್ ಹಡದೀತು."

ಶನಿವಾರ, ರವಿವಾರ ಎರಡು ಮುಂಜಾನೆ ತಾಯಿ ಮಗ ಕಪ್ಪು ಮಣ್ಣಿನ ಸಾಲುಗಳಲ್ಲಿ ಬಗ್ಗಿ ನಡೆದರು. ನಾಲ್ಕು ಧೋತರ, ಎರಡು ಹಳೆಯ ಸೀರೆ. ಹಾಸುವುದು, ಎಲೆಯ ಮೇಲೆ ಮೆಲ್ಲಗೆ ಎಳೆಯುವುದು, ಹಿಂಡುವುದು. ದುರ್ಗಪ್ಪ ಓಡುತ್ತಾ ಎಳೆದ; ಎಲೆ ಹರಿದು ಅರಿಬಿಗೆ ಹತ್ತಿತು. "ಕೂಸಿನ ಮುಖಾ ಒರ್‍ಸಿದಂಗ ಒರಸೋ! ಯಾರರೆ ಬೆನ್ನ ಹತ್ಯಾರೇನ್ ನಿನಗ?" ಅಂತ ಬೈದಳು ಅವ್ವ. ಬೆನ್ನು ಹತ್ತಿದ್ದು ಸೋಮವಾರ. ಅದನ್ನು ಅವಳಿಗೆ ಹೇಗೆ ತೋರಿಸುವುದು? ಮೀನಗಂಡ ಉರಿಯಿತು, ಹಿಮ್ಮಡಿಯ ಬಿರುಕಿನೊಳಗೆ ಹುಳಿ ಇಳಿದು ಜೀವ ಹಿಂಡಿತು. ಈ ಉರಿ ಹನ್ನೊಂದು ವರ್ಷ ಅಕ್ಕನ ಕೈಯಲ್ಲಿತ್ತು ಅನಿಸಿದ ಮೇಲೆ ಅವನು ತುಸು ನಿಧಾನವಾಗಿ ಎಳೆದ. ಎರಡನೆಯ ಮುಂಜಾನೆ ಡಬ್ಬಿ ಮುಕ್ಕಾಲು ಮುಟ್ಟಿತು. ಅವ್ವ ತನ್ನ ಶೀಸೆಯದನ್ನೂ ಅದರೊಳಗೆ ಬಗ್ಗಿಸಿದಳು.

ಮೋಟಾರಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದ. ರವಿವಾರ ಸಂಜೆ ಹರವಿಯ ತಳಕ್ಕೆ ಸುರಿದಾಗ ಸಳಿ ಸರಿಯಾಗಿ ಮುಳುಗಿತು. ಈ ಸಲ ಬುಸ್ ಇಲ್ಲ, ನೊರೆ ಇಲ್ಲ. ಕಿವಿಗೊಟ್ಟರೆ ಮಾತ್ರ ಎಣ್ಣೆಯಲ್ಲಿ ಸಾಸಿವೆ ಬಿದ್ದ ಹಾಗೆ ಸಣ್ಣ ಸದ್ದು. ಬಾಣಂತಿಯರು ಇಣುಕಿ ನೋಡಿ, "ಏನೂ ಆಗವಲ್ದು" ಅಂತ ಹೊರಟುಹೋದರು. ದುರ್ಗಪ್ಪ ಅರ್ಧ ತಾಸಿಗೊಮ್ಮೆ ಮುಚ್ಚಳ ತೆಗೆದ. ಕಡೆಗೆ ಹಿರಾಬಾಯಿ ಮುಚ್ಚಳದ ಮೇಲೆ ಬಕೀಟು ಇಟ್ಟು, "ಕುದಿಯೂ ಅನ್ನ ಅಲ್ಲ ಅದು. ಮನಿಗಿ ಹೋಗು" ಅಂದಳು.

ಸೋಮವಾರ ಬೆಳಿಗ್ಗೆ ಬಂದಾಗ ಅವಳು ಕಟ್ಟಿಗೆಯ ಚಮಚದಿಂದ ಸಳಿಯನ್ನು ಕೆರೆಯುತ್ತಿದ್ದಳು. ಹಕ್ಕಳಿ ಮೆತ್ತಗಾಗಿ, ಒದ್ದೆ ರೊಟ್ಟಿಯ ಹಾಗೆ ಕಳಚುತ್ತಿತ್ತು. ಒಳಗಿಂದ ಸಳಿ ತಾಮ್ರದ ಬಣ್ಣದಲ್ಲಿ ಇಣುಕಿತು. ಇಬ್ಬರೂ ಕುಣಿಯುವುದೊಂದು ಬಾಕಿ. ತೊಳೆದು, ನೀರು ತುಂಬಿ, ಚಾದರು ಹಾಕಿ, ಗುಂಡಿ ಒತ್ತಿದರು. ಒಂಬತ್ತೂವರೆ.

ಆಗ ದುರ್ಗಪ್ಪನ ಕಾಲು ಒದ್ದೆಯಾಯಿತು.

ಹರವಿಯ ಕೆಳಗೆ, ಹಿಂದಿನ ಮಗ್ಗುಲಿಗೆ, ತಗಡಿನಲ್ಲೊಂದು ತೂತು. ಯಾವ ಕಾಲದಲ್ಲೋ ತುಕ್ಕು ತಿಂದದ್ದು. ಇಷ್ಟು ದಿನ ಆ ತೂತಿಗೆ ಬಾಯಿ ಮುಚ್ಚಿ ಕೂತಿದ್ದು ಅದೇ ಸುಣ್ಣ! ನೀರು ಕಿರುಬೆರಳ ಗಾತ್ರದ ಧಾರೆಯಾಗಿ ಸುರಿಯುತ್ತಿತ್ತು. ಸುಣ್ಣ ಹೋಯಿತು, ಮರ್ಯಾದೆಯೂ ಹೋಗುತ್ತಿತ್ತು.

"ಬಂದ್ ಮಾಡೂಣೇನ್?" ಹಿರಾಬಾಯಿ ಗುಂಡಿಯ ಕಡೆ ಕೈ ಚಾಚಿದಳು.

"ಬಂದ್ ಮಾಡಿದ್ರ ನೀರ್ ಕಾಯೂದ್ ಯಾವಾಗ? ಅವರು ಬರೂದು ಹತ್ತಕ್ಕ!" ಅಂದವನೇ ಮೊಣಕಾಲೂರಿ ಕೂತು, ತೂತಿನೊಳಗೆ ಹೆಬ್ಬೆರಳು ಒತ್ತಿದ. ಧಾರೆ ನಿಂತಿತು. ಕರೆಂಟಿನ ವೈರು ಆ ಬದಿಗಿತ್ತು, ಪುಣ್ಯ. ಮೈ ಜುಂ ಅನ್ನಲಿಲ್ಲ.

ಕೂತ. ಒಂದು ನಿಮಿಷ ಎಲ್ಲೂ ಕೂಡದವನು ಅರ್ಧ ತಾಸು ಕೂತ. ನೀರು ಮೊದಲು ತಣ್ಣಗಿತ್ತು. ಆಮೇಲೆ ಉಗುರುಬೆಚ್ಚಗಾಯಿತು. ಅವನಿಗೆ ಖುಷಿಯೆನಿಸಿತು. ಆಮೇಲೆ ಬಿಸಿಯಾಯಿತು. ಆಮೇಲೆ ಖುಷಿ ಹೋಗಿ ಬರೇ ಬಿಸಿ ಉಳಿಯಿತು. ಗೇಟಿನಲ್ಲಿ ಕೈಗಾಡಿಯ ಗಡಗಡ ಕೇಳಿಸಿತು. ಅದರ ಹಿಂದೆಯೇ ಡಾಕ್ಟರ್‌ಬಾಯಿಯ ಚಪ್ಪಲಿ.

"ಏನ್ ನಡದದ?" ಅವರು ಒಳಗೆ ಬಂದು ದುರ್ಗಪ್ಪನನ್ನು ನೋಡಿದರು. "ಇವ ಅಸಾ ಯಾಕ ಕೂತಾನ? ಪೂಜಾ?"

"ಹಾಂ ಬಾಯಿಸಾಹೇಬ್ರ," ದುರ್ಗಪ್ಪನ ಹಣೆಯಿಂದ ಬೆವರು ಇಳಿಯುತ್ತಿತ್ತು. "ಮೊದಲ ನೀರ್ ನೋಡ್ರಿ. ಜಲ್ದಿ ನೋಡ್ರಿ."

ಅವರು ಮುಚ್ಚಳ ತೆಗೆದರು. ಉಗಿ ಮುಖಕ್ಕೆ ಬಡಿದು ಚಷ್ಮ ಮಸುಕಾಯಿತು. ಬೆರಳು ಅದ್ದಿ, "ಅಗ ಬಾಯಿ!" ಅಂತ ಹಿಂದೆಳೆದರು. "ಗರಂ ಆಹೇ! ಚಾಂಗ್ಲಾ ಗರಂ!"

"ಗೊತ್ತೈತ್ರಿ," ಅಂದ ದುರ್ಗಪ್ಪ ಹಲ್ಲು ಕಚ್ಚಿ.

ಡಾಕ್ಟರ್‌ಬಾಯಿ ಬಗ್ಗಿ ನೋಡಿದರು. ತೂತು, ಹೆಬ್ಬೆರಳು, ಅದರ ಬಣ್ಣ.

"ಹಾತ್ ತೆಗಿ, ಮೂರ್ಖಾ!"

"ತೆಗದ್ರ ಮಷಿನ್ ಗಾಡಿ ಹತ್ತತೈತ್ರಿ."

ಅಷ್ಟರಲ್ಲಿ ಹಿರಾಬಾಯಿ ಅಲ್ಲಿರಲಿಲ್ಲ. ಅವಳು ಗೇಟಿಗೆ ಓಡಿ, ಭಂಗಾರದವನ ಗಾಡಿಯೊಳಗೇ ಕೈ ಹಾಕಿ ಕೆದಕುತ್ತಿದ್ದಳು. ಒಂದು ಗಿಡ್ಡ ಬೋಲ್ಟು, ನಟ್ಟು, ಹರಿದ ಸೈಕಲ್ ಟ್ಯೂಬಿನ ತುಂಡು ಹಿಡಿದು ಬಂದಳು. "ಬಾಯಿ, ನಾ ಒಯ್ಯಾಕ ಬಂದೀನಿ, ಕೊಡಾಕಲ್ಲ!" ಅಂತ ಕೂಗುತ್ತ ಅವನೂ ಹಿಂದೆ ಬಂದ.

ಕರೆಂಟು ಬಂದ್ ಮಾಡಿ, ನೀರು ಬಸಿದು, ಚಾದರು ಎತ್ತಿಟ್ಟರು. ಟ್ಯೂಬಿನಿಂದ ಎರಡು ಬಿಲ್ಲೆ ಕತ್ತರಿಸಿ, ತೂತಿನ ಒಳಗೊಂದು ಹೊರಗೊಂದು ಇಟ್ಟು, ಬೋಲ್ಟು ತೂರಿಸಿ ಬಿಗಿದರು. ಬಿಗಿದವಳು ಹಿರಾಬಾಯಿ, ದುರ್ಗಪ್ಪನ ಬಲಗೈ ರಾಚಪ್ಪನ ಮುಲಾಮಿನ ಡಬ್ಬಿಯಲ್ಲಿತ್ತು. ನೆಲ ಒರೆಸಿ, ಮತ್ತೆ ನೀರು ತುಂಬಿದರು. ಐದೂ ಜನ ನೆಲ ನೋಡುತ್ತ ನಿಂತರು. ನೆಲ ಒಣಗಿಯೇ ಇತ್ತು.

"ಲಾಂಡ್ರೀಕ್ಕ ಬೇಡ ಅಂತ ಹೇಳು," ಅಂದರು ಡಾಕ್ಟರ್‌ಬಾಯಿ ರಾಚಪ್ಪನಿಗೆ. ಆಮೇಲೆ ಕಡಲಿ ಹುಳಿಯ ಕತೆ ಕೇಳಿಸಿಕೊಂಡು ಹಿರಾಬಾಯಿಯ ಕಡೆ ತಿರುಗಿದರು. "ಆಣಿ ಹರಭರಾ ಕಡಲಿ ಮುಗದ ಮೇಲೆ? ಉನ್ಹಾಳಾ ಬ್ಯಾಸಗಿದಾಗ ಏನ್ ಮಾಡ್ತಿ?"

"ಹುಣಸಿಹಣ್ರಿ."

"ಚಿಂಚ ನಾ ಬೇಡ ಅಂದೀನಿ!"

"ಸೋಡಾ ಹಾಕಂಗಿಲ್ರಿ. ನಾರಿಲ್ದಂಗ ಅರಿಬ್ಯಾಗ ಸೋಸಿ, ಬರೇ ನೀರು. ತಿಂಗಳಿಗೊಂದ್ ಸಲ. ನಾನ ಮಾಡ್ತೀನಿ, ಇಂವನ್ನ ಕರ್‍ಯಂಗಿಲ್ಲ."

ಡಾಕ್ಟರ್‌ಬಾಯಿ ಉಗಿ ಕಟ್ಟಿದ ಚಷ್ಮ ಸೆರಗಿನಿಂದ ಒರೆಸುತ್ತ ರೋಗಿಗಳ ಕಡೆ ನಡೆದರು. ಹಿರಾಬಾಯಿ ಲಾಂಡ್ರಿಗೆಂದು ಮೂಲೆಯಲ್ಲಿ ಕಟ್ಟಿಟ್ಟಿದ್ದ ಚಾದರುಗಳ ಗಂಟು ಬಿಚ್ಚಿ, ಒಂದೊಂದೇ ಹರವಿಗೆ ಹಾಕತೊಡಗಿದಳು.