ಕತ್ತರಿಸಿ ಕೂಡಿಸಿದ ದಿನಗಳು

ನಮ್ಮ ಯಜಮಾನರ ಕೈಯಲ್ಲಿ ಕತ್ತರಿ ಇದ್ದರೆ ಎಂಥ ಬಟ್ಟೆಯೂ ಹೇಳಿದ ಮಾತು ಕೇಳುತ್ತದೆ. ಗಡಿಯಾರ ಮಾತ್ರ ಕೇಳುವುದಿಲ್ಲ. ಇಪ್ಪತ್ತಾರು ವರ್ಷದಿಂದ ಕಟಿಂಗ್ ಮಾಸ್ಟರ್, ಹೇಳಿದ ದಿನಕ್ಕೆ ಕೆಲಸ ಮುಗಿಸಿದ್ದು ಬೆರಳೆಣಿಕೆಯಷ್ಟು ಸಲ. ಅದೇ ಹೊಲಿಗೆ ಅಂಗಡಿಯಲ್ಲಿ ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು ನನ್ನ ಪಾಲಿನ ಕೆಲಸ. ಗಿರಾಕಿಗಳಿಗೆ "ನಾಳೆ ಬನ್ನಿ" ಅಂದು ಅಂದು ನನ್ನ ನಾಲಿಗೆ ಸವೆದುಹೋಗಿದೆ.

ಈ ಸಲ ಮಾಲೀಕರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು. ಆಸ್ಪತ್ರೆಗೆ ನಲವತ್ತೆರಡು ಬಿಳಿ ಕೋಟು, ನಾಳೆಯಿಂದ ಎಣಿಸಿದರೆ ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಒಯ್ಯುತ್ತಾರೆ.

"ಒಂದು ಕಡಿಮೆಯಾದ್ರೂ ಕಟಿಂಗ್ ಮೇಜು ಪಕ್ಕದವಳದ್ದು, ಮಾಸ್ಟ್ರೇ."

ಪಕ್ಕದವಳೆಂದರೆ ಇವರ ಪಕ್ಕದ ಯಂತ್ರದಲ್ಲಿ ಹೊಲಿಯುವ, ಇವರೇ ಕೈ ಹಿಡಿದು ಕೆಲಸ ಕಲಿಸಿದ ಹೆಂಗಸು.

ನನ್ನ ತಮ್ಮ ಯಾವುದೋ ಪುಸ್ತಕ ಓದಿಕೊಂಡು ಬಂದ. "ಭಾವ, ದಿನಾ ಒಂದೇ ಹೊತ್ತಿಗೆ ಎದ್ದು ಒಂದೇ ಕೆಲಸ ಮಾಡಿ. ಇಪ್ಪತ್ತೊಂದು ದಿನ ಸಾಲು ಮುರೀಬಾರ್ದು. ಆಮೇಲೆ ಅಭ್ಯಾಸಾನೇ ನಿಮ್ಮನ್ನ ಎಬ್ಬಿಸುತ್ತೆ."

ಇವರಿಗೆ ಹುರುಪೋ ಹುರುಪು. ಐದಕ್ಕೆ ಏಳುವುದು, ಅಂಗಡಿಗೆ ಗಿರಾಕಿಗಳು ಬರುವ ಮೊದಲೇ ಎರಡು ಕೋಟು ಕತ್ತರಿಸಿ ಹೊಲಿಯುವವರಿಗೆ ಕೊಡುವುದು. ಅಳತೆಯ ಮಾದರಿ ಮಾಡುವ ಕಂದು ಕಾಗದದಲ್ಲಿ ಇಪ್ಪತ್ತೊಂದು ಮನೆಗಳ ಉದ್ದನೆಯ ಪಟ್ಟಿ ಎಳೆದು ಮೇಜಿನ ಮೇಲಿನ ಗೋಡೆಗೆ ಅಂಟಿಸಿದರು. ಕೆಲಸ ಮಾಡಿದ ದಿನ ಒಂದು ಮನೆಗೆ ಗುರುತು.

ನಡುವೆ ನಾಲ್ಕು ದಿನ ಮುಸುಕು ಹೊದ್ದು ಮಲಗಿದರು. ಎಬ್ಬಿಸಿದರೆ, "ಸರಿದೂಗಿಸ್ತೀನಿ ಬಿಡೇ" ಎಂದರು. ನಾನು ಪಟ್ಟಿ ನೋಡಿದೆ. ನಡುವೆ ಒಂದು ಮನೆಯೂ ಖಾಲಿ ಇರಲಿಲ್ಲ. ನಂಬಿದೆ, ದಡ್ಡಿ ನಾನು.

ಇಪ್ಪತ್ತೊಂದನೆಯ ದಿನ ಪಟ್ಟಿ ತುಂಬಿತು. ಮರುದಿನ ಆಸ್ಪತ್ರೆಯವರು ಬಂದು ಎಣಿಸಿದರು. ಮೂವತ್ತನಾಲ್ಕು ಕೋಟು. ಮತ್ತೆ ಎಣಿಸಿದರು, ಅಷ್ಟೇ. ನಾನು ಓಡಿಹೋಗಿ ಗೋಡೆಯ ಮೇಲಿನ ಮನೆಗಳನ್ನು ಎಣಿಸಿದೆ. ಹದಿನೇಳು!

"ರೀ, ಉಳಿದ ನಾಲ್ಕು ಮನೆ ಎಲ್ಲಿ?"

"ಏಳದೇ ಇದ್ದ ದಿನದ್ದು ಕತ್ತರಿಸಿ ತೆಗ್ದು, ಎರಡೂ ಕಡೆ ಸೇರಿಸಿ ಅಂಟಿಸ್ದೆ," ಎಂದರು, ತಲೆ ತಗ್ಗಿಸಿ. "ಸಾಲು ಮುರೀಬಾರ್ದು ಅಂತ ನಿನ್ನ ತಮ್ಮಾನೇ ಹೇಳಿದ್ನಲ್ಲ. ಕೋಟು ಆಮೇಲೆ ಸೇರಿಸ್ಕೊಳ್ಳೋಣ ಅಂದ್ಕೊಂಡೆ. ಪಟ್ಟಿ ತುಂಬ್ತಾ ಬಂತು, ಮರ್ತೇಬಿಟ್ಟೆ."

ಬಟ್ಟೆ ಕೆಟ್ಟ ಕಡೆ ಕತ್ತರಿಸಿ ಜೋಡಿಸುವವರು ದಿನಕ್ಕೂ ಅದೇ ಮದ್ದು ಮಾಡಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ನಾಜೂಕಾಗಿ ಕಾಗದ ಕೂಡಿಸುವ ಹೊತ್ತಿನಲ್ಲಿ ಒಂದು ಕೋಟಾದರೂ ಕತ್ತರಿಸಬಹುದಿತ್ತಲ್ಲ!

ಮಾಲೀಕರು ಪಟ್ಟಿಯ ಮೇಲೆ ಬೆರಳಾಡಿಸಿದರು. ಸೇರಿಸಿದ ಜಾಗ ಅವರಿಗೂ ಸಿಗಲಿಲ್ಲ. "ಎಂಥಾ ಕೈ ರೀ ನಿಮ್ದು," ಎಂದು ನಿಟ್ಟುಸಿರು ಬಿಟ್ಟು, ಮೇಜಿನ ಮೇಲಿದ್ದ ದೊಡ್ಡ ಕತ್ತರಿಯನ್ನು ಪಕ್ಕದವಳ ಕಡೆ ಸರಿಸಿದರು. ಅವಳು ಅದನ್ನು ತಕ್ಷಣ ಮುಟ್ಟಲಿಲ್ಲ. ಇನ್ನು ಮೇಲೆ ಇವರು ಹತ್ತು ಗಂಟೆಗೆ ಬಂದು ಉಳಿದವರ ಜೊತೆ ಹೊಲಿಗೆ ಯಂತ್ರದ ಮುಂದೆ ಕೂರಬೇಕು.

ಮರುದಿನ ಬಾಗಿಲ ಸದ್ದಿಗೆ ನನಗೆ ಎಚ್ಚರವಾಯಿತು. ಸರಿಯಾಗಿ ಐದು ಗಂಟೆ. ಇವರು ಮುಖ ತೊಳೆದು, ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು ಹೊಸಿಲಲ್ಲಿ ನಿಂತಿದ್ದರು. ಮದುವೆಯಾದಾಗಿನಿಂದ ಯಾರೂ ಎಬ್ಬಿಸದೆ ಎದ್ದದ್ದು ಅದೇ ಮೊದಲು.

"ಎಲ್ಲಿಗೆ ಹೊರಟ್ರಿ?" ಎಂದೆ.

ಹತ್ತು ಗಂಟೆಗೆ ಹೋದರೆ ಸಾಕು ಅನ್ನುವುದು ಆಗ ನೆನಪಾಗಿ, ಹೊಸಿಲ ಮೇಲೆಯೇ ಕೂತರು. ರಾತ್ರಿಯೆಲ್ಲ ಕೂಡಿಟ್ಟ ಬೈಗುಳ ಬಿಟ್ಟು, ನಾನೂ ಹೋಗಿ ಪಕ್ಕದಲ್ಲಿ ಕೂತೆ.