ಹುಳ ತಿಂದ ಸೊಪ್ಪು

ಹುಳ ಎಲೆಯನ್ನ ಅಂಚಿನಿಂದ ತಿನ್ನುತ್ತೋ, ನಡುವಿನಿಂದ ತಿನ್ನುತ್ತೋ? — ಮಾತು ಬಾಯಿಂದ ಹೊರಗೇ ಬಂದುಬಿಟ್ಟಿತ್ತು, ತರಕಾರಿ ಸಾಲಿನ ನಡುವೆ, ಯಾರನ್ನೂ ಕೇಳಿದ್ದಲ್ಲ, ಪಕ್ಕದಲ್ಲಿ ಬದನೆಕಾಯಿ ಆರಿಸುತ್ತಿದ್ದವನೊಬ್ಬ ತಿರುಗಿ ನೋಡಿ ಮತ್ತೆ ಬದನೆಕಾಯಿಗೇ ಮರಳಿದ, ನೋಡಲಿ ಬಿಡು, ಬೆಳಗಿನಿಂದ ಮೂರು ಅಂಗಡಿ ಸುತ್ತಿದವಳಿಗೆ ನಾಚಿಕೆ ಎಲ್ಲಿ ಉಳಿದಿದೆ, ಕೈಯಲ್ಲಿ ಖಾಲಿ ಚೀಲ, ಮನೆಯಲ್ಲಿ ಅಕ್ಕ, ಅಕ್ಕನ ಹೊಟ್ಟೆಯಲ್ಲಿ ನಾಲ್ಕು ದಿನದಿಂದ ಬರೀ ಬಿಸಿನೀರು. ನಿಜವಾದದ್ದು ತಂದ್ರೆ ತಿಂತೀನಿ ಕಣೇ, ಇಲ್ಲಾಂದ್ರೆ ಬೇಡ, ಒಳಗೆ ಸೇರ್ಕೊಂಡಿರೋ ವಿಷವೇ ಸಾಕು, ಹೊರಗಿಂದು ಬೇರೆ ಯಾಕೆ, ಎಂದು ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ, ಅಂಗಿಯೊಳಗಿಂದ ಬೆನ್ನಿನ ಮೂಳೆಗಳು ಒಂದೊಂದಾಗಿ ಎದ್ದು ಕಾಣುತ್ತವೆ, ಡಾಕ್ಟರು ಹೇಳಿದ್ದಾದರೂ ಏನು, ಚೆನ್ನಾಗಿ ತಿನ್ನಿಸಿ, ಎರಡು ಕೆಜಿ ಏರಿದ್ರೆ ಮುಂದಿನ ಸುತ್ತಿನ ಚಿಕಿತ್ಸೆ ಶುರು ಮಾಡೋಣ, ಇಲ್ಲದಿದ್ರೆ — ಆ ಇಲ್ಲದಿದ್ರೆಯನ್ನು ಅವರು ಕನ್ನಡಕ ಒರೆಸುತ್ತ ಅಲ್ಲೇ ಬಿಟ್ಟರು, ಅದು ಅಂದಿನಿಂದ ಇವಳ ಹಿಂದೆಯೇ ನಡೆದು ಬರುತ್ತಿದೆ. ಅಮ್ಮ ಹೋದ ಮೇಲೆ ಉಣ್ಣಿಸಿ ಬೆಳೆಸಿದವಳು ಅಕ್ಕ, ಗಡಿಯಾರ ಕೆಟ್ಟುಹೋದ ಅಡುಗೆಮನೆಯಲ್ಲಿ ಪದ್ಯ ಹೇಳುತ್ತಲೇ ಬೇಯಿಸುತ್ತಿದ್ದಳು, ಸೊಪ್ಪಿಗೆ ಎರಡು ಪದ್ಯ, ಬೇಳೆಗೆ ಹನ್ನೆರಡು, ಒಲೆಯ ಪಕ್ಕ ಕೂತ ತಂಗಿಗೆ ಅರ್ಥ ತಿಳಿಯುತ್ತಿರಲಿಲ್ಲ, ಹಸಿವು ಮಾತ್ರ ಆ ರಾಗಕ್ಕೆ ತಾಳ ಹಾಕುತ್ತಿತ್ತು, ಈಗ ಒಂದು ಪದ್ಯದ ನಡುವೆಯೇ ಅಕ್ಕನಿಗೆ ಉಸಿರು ಸೋಲುತ್ತದೆ, ದೇವರೇ, ಸೊಪ್ಪು ಅರ್ಧ ಬೆಂದಂತೆಯೇ ಉಳಿಯುತ್ತದೆ.

ಹೇಳಬಹುದಿತ್ತು, ಮೊದಲೇ ಹೇಳಬಹುದಿತ್ತು, ಆದರೆ ಹನ್ನೊಂದು ವರ್ಷ ದೊಡ್ಡ ಅಂಗಡಿಯ ಹಿಂದಿನ ಕೋಣೆಯಲ್ಲಿ ನಿಂತು ಹಸಿರು ಚೀಟಿ ಅಂಟಿಸಿದವಳು ಯಾವ ಬಾಯಲ್ಲಿ ಹೇಳುತ್ತಾಳೆ — ಒಂದೇ ಲಾರಿ, ಒಂದೇ ಕ್ರೇಟು, ಎಡಗಡೆ ಮೇಜಿಗೆ ಹೋದದ್ದು ಬರೀ ಸೊಪ್ಪು, ಬಲಗಡೆ ಮೇಜಿಗೆ ಬಂದು ಇವಳ ಹೆಬ್ಬೆರಳು ತಾಗಿದರೆ ಸಾವಯವ ಸೊಪ್ಪು, ನಾವು ಮಾರೋದು ನಂಬಿಕೆ ಕಣಮ್ಮಾ, ಸೊಪ್ಪು ಅದರ ಜೊತೆ ಸುಮ್ನೆ ಹೋಗುತ್ತೆ, ಎನ್ನುತ್ತಿದ್ದರು ಯಜಮಾನರು, ಇವಳೂ ನಗುತ್ತಿದ್ದಳು, ಆಗ ಅಕ್ಕ ಗಟ್ಟಿಮುಟ್ಟಾಗಿದ್ದಳು, ನಗಬಹುದಿತ್ತು. ನನ್ನ ತಂಗಿ ಕೈಯಿಂದಲೇ ಚೀಟಿ ಬೀಳೋದು, ಅವಳು ಸುಳ್ಳಿಗೆ ಅಂಟಿಸೋಳಲ್ಲ, ಎಂದು ಅಕ್ಕ ಬೀದಿಗೆಲ್ಲ ಹೇಳಿಕೊಂಡು ಬಂದಾಗಲೂ ನಕ್ಕಳೇ? ನಕ್ಕಳು. ಆಮೇಲೆ ಕಾಯಿಲೆ ಬಂತು, ನೋಡಲು ಬಂದ ಮಹಡಿ ಮನೆಯಾಕೆ ಮಂಚದ ತುದಿಗೆ ಕೂತು, ನಿಜವಾದ ಸೊಪ್ಪಿಗೆ ಹುಳ ಬೀಳುತ್ತೆ ಅಕ್ಕಾ, ನಿಮ್ಮ ಸೊಪ್ಪು ನೋಡಿ, ಇಸ್ತ್ರಿ ಮಾಡಿದ ಹಾಗಿದೆ, ಎಂದು ಬತ್ತಿ ಇಟ್ಟು ಹೋದಳು, ಮರುದಿನದಿಂದ ಅಕ್ಕ ಎಲೆಗಳನ್ನು ಬೆಳಕಿಗೆ ಹಿಡಿದು ನೋಡತೊಡಗಿದಳು. ಒಂದು ತೂತು ಸಿಕ್ಕರೆ ಸಾಕಿತ್ತು, ಬಂದ ಅಷ್ಟೂ ಕ್ರೇಟಿನಲ್ಲಿ ಒಂದು ಹುಳವಾದರೂ ಬಾಯಿಟ್ಟಿದ್ದರೆ ಸಾಕಿತ್ತು. ನಾಲ್ಕು ದಿನದ ಹಿಂದೆ, ಅಂಗಡಿಯಲ್ಲಿ, ಯಜಮಾನರು ಊಟಕ್ಕೆ ಹೋಗಿದ್ದರು, ಮೇಜಿನ ಮೇಲೆ ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಮಷಿನ್ ಇತ್ತು, ಅಗಲವಾದ ಎಲೆಗಳನ್ನು ಒಂದರ ಮೇಲೊಂದು ತುದಿಗೆ ತುದಿ ಕೂಡಿಸಿದಳು, ಹನ್ನೊಂದು ವರ್ಷ ಎಲ್ಲವನ್ನೂ ನೇರವಾಗಿ ಜೋಡಿಸಿದ ಕೈ, ಮೋಸಕ್ಕೂ ಅಚ್ಚುಕಟ್ಟು ಬಿಡಲಿಲ್ಲ, ಒಂದೇ ಒತ್ತು, ಕಟಕ್. ಸಂಜೆ ಅಕ್ಕ ಒಂದೆಲೆ ಬಿಡಿಸಿದಳು, ಇನ್ನೊಂದು ಬಿಡಿಸಿದಳು, ಈ ಹುಳಗಳು ಶಾಲೆಗೆ ಹೋಗಿಬಂದಿವೆ ಕಣೇ, ಸ್ಕೇಲ್ ಹಿಡಿದು ತಿಂದಿವೆ, ಎಂದು ನಗುತ್ತಲೇ ಒಂದೆಲೆಯನ್ನು ಮುಖಕ್ಕೆ ಎತ್ತಿ ಹಿಡಿದಳು, ಎರಡು ದುಂಡು ತೂತು, ತೂತುಗಳ ಹಿಂದೆ ಎರಡು ಕಣ್ಣು. ನಗು ತುಟಿಯಲ್ಲಿತ್ತೇನೋ, ಎಲೆ ಮುಚ್ಚಿತ್ತು. ಕಣ್ಣಲ್ಲಿ ಇರಲಿಲ್ಲ.

ಅಂದಿನಿಂದ ನೀರು. ಇಂದು ರಜೆ ಹಾಕಿ ಹೊರಟಳು, ಮೊದಲ ಅಂಗಡಿಯ ಗೋಡೆಯ ಮೇಲೆ ನಗುವ ರೈತನ ಫೋಟೊ, ಅದೇ ಮುಖ, ಅದೇ ಮುಂಡಾಸು, ಇವಳ ಅಂಗಡಿಯ ಅಕ್ಕಿಚೀಲದ ಮೇಲೆ ಬೇರೆ ಹೆಸರಿಟ್ಟುಕೊಂಡು ನಗುತ್ತಾನೆ, ಎರಡನೆಯ ಕಡೆ ಚೀಟಿ ಅಂಟಿಸುವ ಹುಡುಗಿ ಇವಳ ಕಣ್ಣು ತಪ್ಪಿಸಿದಳು, ಪಾಪ, ಆ ನೋಟ ಇವಳದೇ, ಮೂರನೆಯವನು ನಮ್ಮಪ್ಪನಾಣೆ ಮೇಡಂ ಎಂದ, ಕೇಳುವ ಮೊದಲೇ ಆಣೆ ಹಾಕಿದ, ಅವನಪ್ಪ ದಿನಕ್ಕೆ ಎಷ್ಟು ಸಲ ಸಾಯುತ್ತಾನೋ. ಈಗ ಸಾಲಿನ ಕೊನೆ, ಗೋಣಿತಾಟಿನ ಮೇಲೆ ನಾಲ್ಕೇ ಕಟ್ಟು ಸೊಪ್ಪು, ಹಿಂದೆ ಕೂತ ಮುದುಕಿ, ಎಲೆಗಳ ತುಂಬ ತೂತು, ಹರಕುಮುರುಕು ತೂತು, ಅಂಚಿನದೂ ಇದೆ ನಡುವಿನದೂ ಇದೆ, ಒಂದರ ಹಾಗೆ ಇನ್ನೊಂದಿಲ್ಲ, ಇವಳು ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಔಷಧಿ ಹೊಡೀತೀರಾ ಅಜ್ಜಿ? ನಾನು ಹೊಡೆಯಲ್ಲ ತಾಯಿ. ಹಾಗಾದ್ರೆ ಇದು ಶುದ್ಧ ಅಲ್ವಾ? ಪಕ್ಕದ ಹೊಲದವನು ಹೊಡೀತಾನೆ, ಗಾಳಿಗೆ ಬೇಲಿ ಹಾಕೋಕಾಗುತ್ತಾ, ಕಾಲುವೆ ನೀರು ಬರೋದು ಕಾರ್ಖಾನೆ ಹಿಂದಿನಿಂದ, ಒಂದೊಂದು ದಿನ ನೊರೆ ಇರುತ್ತೆ, ಮಣ್ಣಿನೊಳಗೆ ಏನಿದೆಯೋ ನಾನು ಇಳಿದು ನೋಡಿಲ್ಲ. ಹನ್ನೊಂದು ವರ್ಷದಲ್ಲಿ ಸೊಪ್ಪಿನ ಬಗ್ಗೆ ಇವಳು ಕೇಳಿದ ಮೊದಲ ನಿಜ ಇದು, ತಿಂದರೆ ಅಕ್ಕ ಇದನ್ನೇ ತಿನ್ನಬೇಕು, ಈ ದನಿಯನ್ನು ಅಕ್ಕ ನಂಬುತ್ತಾಳೆ, ತಂಗಿಯ ದನಿಯನ್ನು ಇನ್ನು ನಂಬುವುದಿಲ್ಲ, ಬೆರಳು ತಾನಾಗಿಯೇ ಮನೆಗೆ ಫೋನು ಒತ್ತಿತ್ತು, ಅಜ್ಜಿ, ನಮ್ಮಕ್ಕ ಸಾಯ್ತಿದ್ದಾಳೆ, ಶುದ್ಧ ಅಂತ ಒಂದೇ ಒಂದು ಮಾತು ಹೇಳಿ, ಅಷ್ಟು ಸಾಕು, ತಿಂತಾಳೆ, ಗಾಳಿ ನೀರು ಏನೂ ಹೇಳಬೇಡಿ. ಮುದುಕಿ ಒಂದು ಕಟ್ಟು ತೆಗೆದು ಇವಳ ಚೀಲಕ್ಕೆ ಹಾಕಿದಳು. ತಗೊಂಡು ಹೋಗು, ದುಡ್ಡು ಬೇಡ. ಮಾತು ಅಜ್ಜಿ, ಮಾತು ಬೇಕು — ಫೋನು ಎತ್ತಿದ ಸದ್ದು, ಯಾರು, ಎಂದಳು ಅಕ್ಕ, ಸಣ್ಣ ದನಿ, ಅರ್ಧ ಪದ್ಯಕ್ಕೂ ಸಾಲದ ದನಿ, ಇವಳು ಫೋನನ್ನು ಮುದುಕಿಯ ಬಾಯಿಯ ಹತ್ತಿರ ಹಿಡಿದಳು, ಹೇಳಿ, ಕಾಲಿಗೆ ಬೀಳ್ತೀನಿ, ಹೇಳಿ. ಗೊತ್ತಿಲ್ಲದ್ದನ್ನ ಸಾಯೋರಿಗೆ ಹೇಳಲ್ಲ ತಾಯಿ, ಹೇಳಲ್ಲ ಅಂದ್ರೆ ಹೇಳಲ್ಲ. ಫೋನಿನ ಒಳಗೆ ಎಲ್ಲ ಕೇಳಿಸಿಕೊಂಡ ಅಕ್ಕನ ಉಸಿರು, ಚೀಲದೊಳಗೆ ಸೊಪ್ಪು, ಎಲೆ, ಎಲೆಯಲ್ಲಿ ತೂತು, ತೂತಿನ ಹಿಂದೆ ಎರಡು ಕಣ್ಣು, ಎರಡು ಕಣ್ಣು